ನವಿರು ಅಕ್ಷರದ ಅಂದ, ಓದುವ ಕಣ್ಣಿನ ಅಳತೆ

ಒಂದು ಲಗ್ನಪತ್ರಿಕೆಯನ್ನು ಕೈಗೆ ತೆಗೆದುಕೊಳ್ಳಿ. ವಧೂವರರ ಹೆಸರನ್ನು ಹೇಗೆ ಅಚ್ಚು ಹಾಕಿದ್ದಾರೆ ನೋಡಿ. ಕೂದಲಿನಷ್ಟು ಸಣ್ಣ ಗೆರೆ, ತುಸು ಬಲಕ್ಕೆ ಬಾಗಿದ ಅಕ್ಷರ, ಬಳ್ಳಿಯಂತೆ ಸುರುಳಿ ಸುತ್ತಿದ ಕೊನೆಗಳು. ಯಾರೋ ಲೇಖನಿ ಹಿಡಿದು ನಿಧಾನವಾಗಿ ಬರೆದಂತೆ ಕಾಣುತ್ತದೆ. ಈಗ ಬಳ್ಳಾರಿಯ ಬಸ್ ನಿಲ್ದಾಣವನ್ನು ನೆನಪಿಸಿಕೊಳ್ಳಿ. ಬಸ್ಸಿನ ಹಣೆಯ ಮೇಲೆ ‘ಸಿರುಗುಪ್ಪ’ ಅಥವಾ ‘ಕುರುಗೋಡು’ ಎಂಬ ಫಲಕ ಇರುತ್ತದೆ. ಅಲ್ಲಿನ ಅಕ್ಷರಗಳು ದಪ್ಪ, ನೆಟ್ಟಗೆ, ಬಿಡಿಬಿಡಿ.

ಲಗ್ನಪತ್ರಿಕೆಯ ಚೆಂದದ ಅಕ್ಷರವನ್ನು ಬಸ್ಸಿನ ಮೇಲೆ ಏಕೆ ಬರೆಯುವುದಿಲ್ಲ? ಬಸ್ಸಿನ ಅಕ್ಷರವನ್ನು ಲಗ್ನಪತ್ರಿಕೆಗೆ ಏಕೆ ಹಾಕುವುದಿಲ್ಲ? ಇದು ಬರೀ ಅಭಿರುಚಿಯ ಮಾತಲ್ಲ. ಇದರ ಹಿಂದೆ ಬರೆಯುವ ಉಪಕರಣ, ಅಚ್ಚು ಹಾಕುವ ವಿಧಾನ ಮತ್ತು ನಮ್ಮ ಕಣ್ಣಿನ ಶಕ್ತಿ ಈ ಮೂರರ ವಿಜ್ಞಾನವಿದೆ. ಅದನ್ನು ಒಂದೊಂದಾಗಿ ತಿಳಿಯೋಣ.

ಫಾಂಟ್ ಎಂದರೇನು?

ಒಂದೇ ಮಾದರಿಯಲ್ಲಿ ರಚಿಸಿದ ಎಲ್ಲ ಅಕ್ಷರ, ಅಂಕಿ ಮತ್ತು ಚಿಹ್ನೆಗಳ ಗುಂಪನ್ನು ಫಾಂಟ್ ಎನ್ನುತ್ತಾರೆ. ಪಠ್ಯಪುಸ್ತಕದ ಅಕ್ಷರ ಒಂದು ಫಾಂಟ್, ಪತ್ರಿಕೆಯ ತಲೆಬರಹದ ಅಕ್ಷರ ಇನ್ನೊಂದು. ಕೈಯಿಂದ ಬರೆದಂತೆ ಕಾಣುವ ಹಾಗೆ ರಚಿಸಿದ್ದು ಕೈಬರಹದ ಫಾಂಟ್. ಕನ್ನಡದಲ್ಲಿ ‘ನವಿಲು’ ಎಂಬ ಕೈಬರಹ ಮಾದರಿಯ ಫಾಂಟ್ ಇದೆ. ಇದು ಮುಕ್ತ ತಂತ್ರಾಂಶ. ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು.

ಕೈಬರಹದ ಫಾಂಟ್‌ಗಳಲ್ಲಿ ಕೆಲವು ತೀರ ನವಿರಾಗಿರುತ್ತವೆ. ಅವುಗಳನ್ನು ಗುರುತಿಸುವುದು ಸುಲಭ. ಗೆರೆ ತೆಳು. ಅಕ್ಷರದ ಎತ್ತರಕ್ಕೆ ಹೋಲಿಸಿದರೆ ಗೆರೆಯ ದಪ್ಪ ಐವತ್ತರಲ್ಲಿ ಒಂದು ಪಾಲಿನಷ್ಟೇ ಇರಬಹುದು. ತಲಕಟ್ಟು ಗರಿಯಂತೆ ಮೇಲಕ್ಕೆ ಹಾರಿರುತ್ತದೆ. ಕೊಂಬು ಮತ್ತು ಇಳಿ ಉದ್ದಕ್ಕೆ ಚಾಚಿಕೊಂಡಿರುತ್ತವೆ. ಅಕ್ಷರಗಳು ಗೀಟು ಹಾಕಿದಂತೆ ಒಂದೇ ಸಾಲಿನಲ್ಲಿ ಕೂರದೆ ಒಂದು ತುಸು ಮೇಲೆ, ಒಂದು ತುಸು ಕೆಳಗೆ ಇರುತ್ತವೆ.

ಲಗ್ನಪತ್ರಿಕೆಯ ಬರಹ ನಿಜವಾದ ಕೈಬರಹವೋ ಫಾಂಟೋ ಎಂದು ಹೇಗೆ ಪತ್ತೆ ಮಾಡುವುದು? ಎರಡು ಬಾರಿ ಬಂದಿರುವ ಒಂದು ಅಕ್ಷರವನ್ನು ಹುಡುಕಿ. ಎರಡೂ ಪಡಿಯಚ್ಚಿನಂತೆ ಒಂದೇ ತೆರನಾಗಿದ್ದರೆ ಅದು ಫಾಂಟ್. ಮನುಷ್ಯನ ಕೈ ಒಂದೇ ಅಕ್ಷರವನ್ನು ಎರಡು ಸಲ ಒಂದೇ ರೀತಿ ಬರೆಯಲಾರದು. ಇದನ್ನು ಬಲ್ಲ ಕೆಲವು ಫಾಂಟ್ ರಚನಕಾರರು ಒಂದೇ ಅಕ್ಷರಕ್ಕೆ ಎರಡು ಮೂರು ರೂಪ ಬರೆದಿಟ್ಟು, ಅವು ಸರದಿಯಂತೆ ಬರುವ ಹಾಗೆ ಮಾಡುತ್ತಾರೆ.

ಉಪಕರಣದಂತೆ ಅಕ್ಷರ

ಅಕ್ಷರದ ಗೆರೆ ತೆಳುವೋ ದಪ್ಪವೋ ಎಂಬುದನ್ನು ಮೊದಲು ತೀರ್ಮಾನಿಸಿದ್ದು ಬರೆಯುವ ಉಪಕರಣ. ಇದಕ್ಕೆ ಉದಾಹರಣೆ ಹುಡುಕಲು ನಾವು ದೂರ ಹೋಗಬೇಕಾಗಿಲ್ಲ.

ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು ಮತ್ತು ಉಡೇಗೋಳ ಗ್ರಾಮಗಳಲ್ಲಿ ಅಶೋಕ ಚಕ್ರವರ್ತಿಯ ಬಂಡೆ ಶಾಸನಗಳಿವೆ. ಇವು ಕ್ರಿಸ್ತಪೂರ್ವ 3ನೇ ಶತಮಾನದವು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ನಿಟ್ಟೂರಿನ ಶಾಸನದಲ್ಲಿ ‘ಅಶೋಕ’ ಎಂಬ ಹೆಸರೇ ಇದೆ. ಬಹುತೇಕ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದು ಮಾತ್ರ ಇರುವುದರಿಂದ ಇದಕ್ಕೆ ವಿಶೇಷ ಮಹತ್ವ. ಬ್ರಾಹ್ಮಿಯಲ್ಲಿ ‘ಕ’ ಅಕ್ಷರ ನಮ್ಮ ಕೂಡುವ ಚಿಹ್ನೆಯಂತೆ, ಎಂದರೆ + ಎಂಬಂತೆ ಇತ್ತು. ಅಡ್ಡ ಒಂದು ಗೆರೆ, ಉದ್ದ ಒಂದು ಗೆರೆ. ಬಂಡೆಯ ಮೇಲೆ ಉಳಿಯಿಂದ ಇಂಥ ಗೆರೆಗಳನ್ನು ಕೊರೆಯುವುದು ಸುಲಭ. ನಮ್ಮ ಇಂದಿನ ದುಂಡನೆಯ ‘ಕ’ ಶತಮಾನಗಳ ಕಾಲ ಬದಲಾಗುತ್ತ ಬಂದ ಅದೇ ಅಕ್ಷರ.

ದೊಡ್ಡಬಸವೇಶ್ವರ ಗುಡಿಗೆ ಹೆಸರಾದ ಕುರುಗೋಡು 12ನೇ ಶತಮಾನದಲ್ಲಿ ಸಿಂದ ಅರಸರ ರಾಜಧಾನಿಯಾಗಿತ್ತು. ಆ ಕಾಲದ ಕನ್ನಡ ಶಾಸನಗಳು ಅಲ್ಲಿ ದೊರೆತಿವೆ. ಆ ವೇಳೆಗೆ ಕನ್ನಡ ಅಕ್ಷರಗಳು ದುಂಡಗಾಗಿ, ತಲಕಟ್ಟು ಹೊತ್ತು, ಇಂದಿನ ರೂಪಕ್ಕೆ ಹತ್ತಿರ ಬಂದಿದ್ದವು. ಕಲ್ಲಿನಲ್ಲಿ ಕೊರೆದ ಗೆರೆಗೆ ಅಗಲವೂ ಇರುತ್ತದೆ, ಆಳವೂ ಇರುತ್ತದೆ. ಬಿಸಿಲು ಓರೆಯಾಗಿ ಬಿದ್ದಾಗ ಆ ಆಳದಲ್ಲಿ ನೆರಳು ನಿಂತು ಅಕ್ಷರ ಎದ್ದು ಕಾಣುತ್ತದೆ. ತೀರ ತೆಳುವಾಗಿ ಗೀಚಿದ್ದರೆ ಅದು ಮಳೆ ಗಾಳಿಗೆ ಸವೆದು ಎಂದೋ ಅಳಿಸಿಹೋಗುತ್ತಿತ್ತು.

ತಾಳೆಗರಿಯ ಕಥೆ ಬೇರೆ. ಅಲ್ಲಿ ಕಬ್ಬಿಣದ ಕಂಟದ ಮೊನೆಯಿಂದ ಗೀರುತ್ತಿದ್ದರು. ಗರಿಯ ನಾರು ಉದ್ದುದ್ದಕ್ಕೆ ಇರುತ್ತದೆ. ಅದರ ನೇರಕ್ಕೆ ಗೆರೆ ಎಳೆದರೆ ಗರಿ ಸೀಳಬಹುದು. ದಕ್ಷಿಣ ಭಾರತದ ಲಿಪಿಗಳು ದುಂಡಗಾಗಲು ಇದೂ ಒಂದು ಕಾರಣ ಎಂದು ಹೇಳುವುದುಂಟು. ಗೀರಿದ ಮೇಲೆ ಮಸಿ ಸವರಿ ಒರೆಸಿದರೆ ಗೀರಿನಲ್ಲಿ ಮಾತ್ರ ಕಪ್ಪು ಉಳಿಯುತ್ತದೆ. ಕಂಟದ ಗೆರೆ ಎಲ್ಲ ಕಡೆ ಒಂದೇ ದಪ್ಪ, ಬಹಳ ತೆಳು. ನಮ್ಮ ನಾಡಿನ ನವಿರು ಬರಹಕ್ಕೆ ಇದು ಒಳ್ಳೆಯ ಉದಾಹರಣೆ. ಆದರೆ ತಾಳೆಗರಿಯನ್ನು ಒಬ್ಬರು ಕೈಯಲ್ಲಿ ಹಿಡಿದು ಹತ್ತಿರದಿಂದ ಓದುತ್ತಿದ್ದರು ಎಂಬುದನ್ನು ಮರೆಯಬಾರದು.

ಯುರೋಪಿನಲ್ಲಿ ಲೋಹದ ಚೂಪು ಮೊನೆಯ ಲೇಖನಿ ಬಂದಾಗ ಇನ್ನೊಂದು ಬಗೆಯ ನವಿರು ಬರಹ ಬೆಳೆಯಿತು. ಆ ಮೊನೆಯ ನಡುವೆ ಸೀಳು ಇರುತ್ತದೆ. ಒತ್ತಿದರೆ ಸೀಳು ಅಗಲವಾಗಿ ಗೆರೆ ದಪ್ಪವಾಗುತ್ತದೆ, ಬಿಟ್ಟರೆ ತೆಳುವಾಗುತ್ತದೆ. ಇಂದಿನ ಅನೇಕ ಇಂಗ್ಲಿಷ್ ಲಗ್ನಪತ್ರಿಕೆಗಳ ಫಾಂಟ್ ಈ ಲೇಖನಿಯ ಓಟವನ್ನೇ ಅನುಕರಿಸುತ್ತದೆ.

ಬಳ್ಳಾರಿಗೆ ಬಂದ ಪತ್ರಿಕೆ

ಕೈಬರಹಕ್ಕೂ ಅಚ್ಚಿನ ಅಕ್ಷರಕ್ಕೂ ಇರುವ ವ್ಯತ್ಯಾಸವನ್ನು ತೋರಿಸುವ ಒಂದು ಘಟನೆ ಬಳ್ಳಾರಿಯ ಚರಿತ್ರೆಯಲ್ಲಿದೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಮಂಗಳೂರಿನಲ್ಲಿ ಹೊರಬಂತು. ಅದರ ಸಂಪಾದಕರು ಹರ್ಮನ್ ಮೋಗ್ಲಿಂಗ್. ಅದು ಕಲ್ಲಚ್ಚಿನ ಪತ್ರಿಕೆ.

ಕಲ್ಲಚ್ಚು ಎಂದರೇನು? ಒಂದು ಬಗೆಯ ನಯವಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರಹವನ್ನು ಮೂಡಿಸುತ್ತಾರೆ. ಆಮೇಲೆ ಕಲ್ಲನ್ನು ನೀರಿನಿಂದ ಒದ್ದೆ ಮಾಡುತ್ತಾರೆ. ಜಿಡ್ಡು ಇರುವಲ್ಲಿ ನೀರು ನಿಲ್ಲುವುದಿಲ್ಲ. ಈಗ ಎಣ್ಣೆಯ ಮಸಿ ಸವರಿದರೆ ಅದು ಬರಹಕ್ಕೆ ಮಾತ್ರ ಅಂಟುತ್ತದೆ, ಒದ್ದೆ ಭಾಗಕ್ಕೆ ಅಂಟುವುದಿಲ್ಲ. ಮೇಲೆ ಕಾಗದ ಇಟ್ಟು ಒತ್ತಿದರೆ ಬರಹ ಮೂಡುತ್ತದೆ. ಎಣ್ಣೆ ಮತ್ತು ನೀರು ಬೆರೆಯುವುದಿಲ್ಲ ಎಂಬ ಸರಳ ಸಂಗತಿಯೇ ಇದರ ತಳಹದಿ. ಜರ್ಮನಿಯ ಅಲೋಯಿಸ್ ಸೆನೆಫೆಲ್ಡರ್ ಇದನ್ನು 18ನೇ ಶತಮಾನದ ಕೊನೆಯಲ್ಲಿ ಕಂಡುಹಿಡಿದರು. ಕಲ್ಲಚ್ಚಿನಲ್ಲಿ ಬರೆದವರ ಕೈಯೇ ಕಾಗದದ ಮೇಲೆ ಕಾಣುತ್ತದೆ. ಆದರೆ ಪ್ರತಿ ಪುಟವನ್ನೂ ಹೊಸದಾಗಿ ಕೈಯಿಂದ ಬರೆಯಬೇಕು.

1844ರಲ್ಲಿ ಈ ಪತ್ರಿಕೆ ಬಳ್ಳಾರಿಗೆ ಬಂತು. ‘ಕನ್ನಡ ಸಮಾಚಾರ’ ಎಂದು ಹೆಸರು ಬದಲಾಯಿತು. ಇಲ್ಲಿ ಅದನ್ನು ಅಚ್ಚುಮೊಳೆಗಳಿಂದ ಮುದ್ರಿಸಿದರು. ಸೀಸ, ತವರ ಮತ್ತು ಆಂಟಿಮನಿ ಬೆರೆಸಿದ ಲೋಹದಿಂದ ಒಂದೊಂದು ಅಕ್ಷರದ ಮೊಳೆಯನ್ನು ಎರಕ ಹೊಯ್ದಿರುತ್ತಾರೆ. ಅವನ್ನು ಸಾಲಾಗಿ ಜೋಡಿಸಿ ಮಸಿ ಹಚ್ಚಿ ಒತ್ತುತ್ತಾರೆ. ಅಚ್ಚಾದ ಮೇಲೆ ಬಿಚ್ಚಿ ಇನ್ನೊಂದು ಪುಟಕ್ಕೆ ಜೋಡಿಸಬಹುದು. ಕೆಲಸ ಬೇಗ ಆಗುತ್ತದೆ, ಅಕ್ಷರ ಪ್ರತಿ ಸಲವೂ ಒಂದೇ ಸಮ. ಆದರೆ ಲೋಹದಲ್ಲಿ ಕೂದಲೆಳೆಯಂಥ ಗೆರೆ ಮಾಡಿದರೆ ಒತ್ತಡಕ್ಕೆ ಅದು ಬೇಗ ಸವೆಯುತ್ತದೆ ಅಥವಾ ಮುರಿಯುತ್ತದೆ. ಆದ್ದರಿಂದ ಮೊಳೆಯ ಅಕ್ಷರಕ್ಕೆ ಗಟ್ಟಿತನ ಬೇಕಾಯಿತು. ಹೀಗೆ ಒಂದೇ ಪತ್ರಿಕೆ ಒಂದು ವರ್ಷದೊಳಗೆ ಕೈಬರಹದಿಂದ ಮೊಳೆಯ ಅಕ್ಷರಕ್ಕೆ ಬದಲಾಯಿತು.

ಕಂಪ್ಯೂಟರ್ ಮತ್ತು ಕೈಬರಹ

ಕಂಪ್ಯೂಟರ್ ಬಂದ ಮೇಲೆ ಈ ಎರಡೂ ಒಂದಾದವು. ಈಗಿನ ಫಾಂಟ್‌ಗೆ ಕೈಬರಹದ ಬಳುಕೂ ಇರಬಹುದು, ಮೊಳೆಯಂತೆ ಬೇಕಾದಷ್ಟು ಸಲ ಬಳಸಲೂ ಬಹುದು. ಇದು ಹೇಗೆ ಸಾಧ್ಯ?

ಕಂಪ್ಯೂಟರಿಗೆ ಅಕ್ಷರ ಎಂದರೆ ಒಂದು ಸಂಖ್ಯೆ. ಪ್ರಪಂಚದ ಭಾಷೆಗಳಿಗೆಲ್ಲ ಸಂಖ್ಯೆ ಹಂಚುವ ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ ಕನ್ನಡಕ್ಕೆ 128 ಸ್ಥಾನಗಳಿವೆ. ‘ಕ’ ಎಂದರೆ 3221, ‘ಖ’ ಎಂದರೆ 3222, ‘ಗ’ ಎಂದರೆ 3223. ‘ಬಳ್ಳಾರಿ’ ಎಂದು ಬೆರಳಚ್ಚಿಸಿದರೆ ನಮಗೆ ಕಾಣುವುದು ಮೂರು ಅಕ್ಷರ. ಕಂಪ್ಯೂಟರ್ ನೆನಪಿಡುವುದು ಏಳು ಸಂಖ್ಯೆ: ಬ, ಳ, ವಿರಾಮ ಚಿಹ್ನೆ ( ್ ), ಮತ್ತೆ ಳ, ದೀರ್ಘ, ರ, ಗುಡಿಸು. ‘ಸಿರುಗುಪ್ಪ’ಕ್ಕೆ ಒಂಬತ್ತು, ‘ಕುರುಗೋಡು’ವಿಗೆ ಎಂಟು. ನೀವೇ ಎಣಿಸಿ ನೋಡಿ.

ಈ ಸಂಖ್ಯೆಗಳಿಗೆ ರೂಪ ಕೊಡುವುದು ಫಾಂಟ್. ಅದರೊಳಗೆ ಪ್ರತಿ ಅಕ್ಷರದ ಅಂಚನ್ನು ಕೆಲವು ಬಿಂದುಗಳು ಮತ್ತು ಅವುಗಳ ನಡುವಿನ ವಕ್ರರೇಖೆಗಳಾಗಿ ಬರೆದಿಟ್ಟಿರುತ್ತಾರೆ. ಈ ವಕ್ರರೇಖೆಗಳಿಗೆ ಬೆಜಿಯೆ ರೇಖೆಗಳೆಂದು ಹೆಸರು. ಫ್ರಾನ್ಸಿನ ರೆನೋ ಕಾರು ಕಂಪನಿಯ ಎಂಜಿನಿಯರ್ ಪಿಯರ್ ಬೆಜಿಯೆ ಇವನ್ನು 1960ರ ದಶಕದಲ್ಲಿ ಕಾರಿನ ಹೊರಮೈಯ ತಿರುವುಗಳನ್ನು ರಚಿಸಲು ಬಳಸಿದರು. ಕಾರಿನ ಬಾಗು ಮತ್ತು ನಮ್ಮ ‘ಲ’ ಅಕ್ಷರದ ಬಾಗು, ಎರಡಕ್ಕೂ ಲೆಕ್ಕ ಒಂದೇ! ಕಾಗದದ ಮೇಲೆ ಬರೆದ ಅಕ್ಷರವನ್ನು ಸ್ಕ್ಯಾನ್ ಮಾಡಿ, ಅದರ ಅಂಚಿನ ಮೇಲೆ ಬಿಂದುಗಳನ್ನಿಟ್ಟು ಕೈಬರಹದ ಫಾಂಟ್ ತಯಾರಿಸುತ್ತಾರೆ.

ಇಂಗ್ಲಿಷಿನಲ್ಲಿ ದೊಡ್ಡ ಮತ್ತು ಸಣ್ಣ ಅಕ್ಷರಗಳು ಸೇರಿ 52. ಕನ್ನಡದಲ್ಲಿ 34 ವ್ಯಂಜನಗಳು 13 ಸ್ವರಗಳೊಡನೆ ಸೇರಿದರೆ 442 ಗುಣಿತಾಕ್ಷರಗಳಾಗುತ್ತವೆ. ಇದರ ಮೇಲೆ ಒತ್ತಕ್ಷರಗಳಿವೆ. ಇವುಗಳಲ್ಲಿ ಅನೇಕವನ್ನು ಬಿಡಿ ಭಾಗಗಳಾಗಿ ಬರೆದು ಜೋಡಿಸಬಹುದು. ಆದರೆ ‘ಕಿ’, ‘ಕೆ’ಯಂಥವುಗಳಲ್ಲಿ ಸ್ವರದ ಚಿಹ್ನೆ ವ್ಯಂಜನದೊಡನೆ ಬೆರೆತುಹೋಗುತ್ತದೆ. ಅವನ್ನು ಒಂದೊಂದಾಗಿಯೇ ಬರೆಯಬೇಕು. ಕನ್ನಡ ಫಾಂಟ್ ರಚಿಸುವುದು ಹೆಚ್ಚು ಶ್ರಮದ ಕೆಲಸ ಎಂಬುದು ಇದರಿಂದ ತಿಳಿಯುತ್ತದೆ.

ಕಣ್ಣಿನ ಅಳತೆ

ಈಗ ಮುಖ್ಯ ವಿಷಯಕ್ಕೆ ಬರೋಣ. ನಮ್ಮ ಕಣ್ಣು ಎಷ್ಟು ಸೂಕ್ಷ್ಮವಾದುದನ್ನು ಬಿಡಿಸಿ ನೋಡಬಲ್ಲದು?

ಒಂದು ವೃತ್ತದಲ್ಲಿ 360 ಡಿಗ್ರಿ. ಒಂದು ಡಿಗ್ರಿಯನ್ನು 60 ಸಮಭಾಗ ಮಾಡಿದರೆ ಒಂದು ಭಾಗಕ್ಕೆ ಒಂದು ಮಿನಿಟ್ ಎಂದು ಹೆಸರು. ಇದು ಗಡಿಯಾರದ ನಿಮಿಷವಲ್ಲ, ಕೋನದ ಅಳತೆ. ದೋಷವಿಲ್ಲದ ಕಣ್ಣು ಒಂದು ಮಿನಿಟ್ ಕೋನದಷ್ಟು ಅಂತರದಲ್ಲಿರುವ ಎರಡು ಗೆರೆಗಳನ್ನು ಬೇರೆ ಬೇರೆ ಎಂದು ಗುರುತಿಸಬಲ್ಲದು. ಕಣ್ಣಿನ ವೈದ್ಯರು ಗೋಡೆಗೆ ಹಾಕುವ ಅಕ್ಷರಗಳ ಪಟ ಈ ಅಳತೆಯ ಮೇಲೆಯೇ ನಿಂತಿದೆ.

ಇದನ್ನು ಮಿಲಿಮೀಟರಿಗೆ ಬದಲಾಯಿಸೋಣ. ಪುಸ್ತಕವನ್ನು 30 ಸೆಂಟಿಮೀಟರ್ ದೂರದಲ್ಲಿ ಹಿಡಿದರೆ ಗೆರೆಗಳ ನಡುವೆ ಸುಮಾರು 0.09 ಮಿಲಿಮೀಟರ್ ಅಂತರ ಸಾಕು. ತಲೆಗೂದಲಿನ ದಪ್ಪ ಹೆಚ್ಚುಕಡಿಮೆ ಇಷ್ಟೇ. 6 ಮೀಟರ್ ದೂರದ ಕರಿಹಲಗೆಯಲ್ಲಿ ಸುಮಾರು 1.75 ಮಿಲಿಮೀಟರ್ ಬೇಕು. 30 ಮೀಟರ್ ದೂರದ ಬಸ್ಸಿನ ಫಲಕದಲ್ಲಿ ಸುಮಾರು 9 ಮಿಲಿಮೀಟರ್ ಬೇಕು. ಇದು ಕನಿಷ್ಠ ಅಳತೆ. ಆರಾಮವಾಗಿ ಓದಲು ಇನ್ನೂ ಹೆಚ್ಚು ಬೇಕು.

ನೀವು ಕೇಳಬಹುದು: ದೂರದ ವಿದ್ಯುತ್ ತಂತಿ ತೆಳುವಾಗಿದ್ದರೂ ಆಕಾಶದ ಎದುರು ಕಾಣುತ್ತದಲ್ಲ? ಹೌದು. ಒಂಟಿ ಗೆರೆ ಇದೆಯೋ ಇಲ್ಲವೋ ಎಂದು ತಿಳಿಯುವುದು ಸುಲಭ. ಆದರೆ ದೂರದಿಂದ ನೋಡುವಾಗ ತೆಳು ಗೆರೆಯ ಕಪ್ಪು ಅಕ್ಕಪಕ್ಕಕ್ಕೆ ಹರಡಿದಂತಾಗಿ ಬೂದಾಗುತ್ತದೆ. ಹತ್ತಿರದ ಎರಡು ಗೆರೆಗಳು ಕಲೆತು ಒಂದಾಗುತ್ತವೆ. ದಪ್ಪ ಗೆರೆಯ ಅಂಚು ಮಸುಕಾದರೂ ನಡುವಿನ ಕಪ್ಪು ಉಳಿಯುತ್ತದೆ.

ಹಾಗಾದರೆ ಅಕ್ಷರ ಎಷ್ಟು ದಪ್ಪವಾದರೆ ಅಷ್ಟು ಒಳ್ಳೆಯದೇ? ಅಲ್ಲ. ಅತಿ ದಪ್ಪವಾದರೆ ಅಕ್ಷರದೊಳಗಿನ ಬಯಲು ಮುಚ್ಚಿಹೋಗುತ್ತದೆ. ಓದಲು ಗೆರೆ ಎಷ್ಟು ಮುಖ್ಯವೋ ಗೆರೆಗಳ ನಡುವಿನ ಬಯಲೂ ಅಷ್ಟೇ ಮುಖ್ಯ.

ಅಚ್ಚಿನ ಯಂತ್ರಕ್ಕೂ ಮಿತಿ ಇದೆ. ಒಂದು ಅಂಗುಲಕ್ಕೆ 300 ಚುಕ್ಕೆ ಹಾಕುವ ಪ್ರಿಂಟರಿನಲ್ಲಿ ಒಂದು ಚುಕ್ಕೆಯ ಅಗಲ ಸುಮಾರು 0.085 ಮಿಲಿಮೀಟರ್. 12 ಪಾಯಿಂಟ್ ಅಳತೆಯ ಅಕ್ಷರಕ್ಕೆ ಮೀಸಲಾದ ಎತ್ತರ ಸುಮಾರು 4.2 ಮಿಲಿಮೀಟರ್. ಅದರ ಐವತ್ತರಲ್ಲಿ ಒಂದು ಪಾಲು ಎಷ್ಟಾಯಿತು? ಅದೂ ಸುಮಾರು 0.085! ಎಂದರೆ ನವಿರು ಫಾಂಟಿನ ಗೆರೆಗೆ ಒಂದೇ ಒಂದು ಚುಕ್ಕೆ ಸಿಗುತ್ತದೆ. ಆ ಹಾಳೆಯನ್ನು ಜೆರಾಕ್ಸ್ ಮಾಡಿ, ಜೆರಾಕ್ಸಿನದೇ ಮತ್ತೊಂದು ಜೆರಾಕ್ಸ್ ಮಾಡಿದರೆ ಗೆರೆ ಅಲ್ಲಲ್ಲಿ ತುಂಡಾಗುವುದು ಸಹಜ.

ಕನ್ನಡದಲ್ಲಿ ಹೆಚ್ಚು ಎಚ್ಚರ ಏಕೆ?

ನಮ್ಮ ಲಿಪಿಯಲ್ಲಿ ಪುಟ್ಟ ಗೀಟಿಗೆ ದೊಡ್ಡ ಕೆಲಸವಿದೆ. ‘ದ’ದ ಕೆಳಗೆ ಒಂದು ಗೀಟು ಬಂದರೆ ‘ಧ’. ‘ದನ’ ಎಂದರೆ ಹಸು, ಎತ್ತು. ‘ಧನ’ ಎಂದರೆ ಹಣ. ‘ಬಾರಿ’ ಎಂದರೆ ಸಲ, ‘ಭಾರಿ’ ಎಂದರೆ ಬಹಳ ದೊಡ್ಡದು. ‘ಪ’ದ ಹೊಟ್ಟೆಯೊಳಗೆ ಗೀಟು ಎಳೆದರೆ ‘ಷ’, ಕೆಳಗೆ ಗೀಟು ಇಟ್ಟರೆ ‘ಫ’. ಅಂಕಿಗಳಲ್ಲಿ ೦ ಮುಚ್ಚಿದ ಉಂಗುರ. ೧ ಎಂಬುದು ಕೆಳಗೆ ಬಾಯಿ ತೆರೆದ ಉಂಗುರ. ಆ ಬಾಯಿ ಮುಚ್ಚಿದಂತೆ ಕಂಡರೆ ೧೧ ಎಂಬುದು ೧೦ ಆಗುತ್ತದೆ. ಮುಹೂರ್ತಕ್ಕೆ ಬರುವವರು ಒಂದು ಗಂಟೆ ಮೊದಲೇ ಬಂದು ಕಾಯಬೇಕಾದೀತು. ಔಷಧಿಯ ಹನಿಗಳ ಲೆಕ್ಕದಲ್ಲಿ ಹೀಗಾದರೆ ಅದು ನಗುವ ವಿಷಯವಲ್ಲ.

ಬಸ್ಸಿನ ಫಲಕವನ್ನೇ ಮತ್ತೊಮ್ಮೆ ನೋಡಿ. ‘ಸಿರುಗುಪ್ಪ’, ‘ಕುರುಗೋಡು’. ಎರಡರಲ್ಲೂ ನಾಲ್ಕು ಅಕ್ಷರ, ಎರಡರಲ್ಲೂ ಎರಡನೆಯದು ‘ರು’, ಎರಡರಲ್ಲೂ ಮೂರನೆಯದು ‘ಗ’ಕಾರದ್ದು. ದೂರದಿಂದ ಇವನ್ನು ಬೇರ್ಪಡಿಸುವುದು ಮೊದಲ ಮತ್ತು ಕೊನೆಯ ಅಕ್ಷರಗಳೇ. ಅವೂ ನವಿರಾಗಿ ಸುರುಳಿ ಸುತ್ತಿಕೊಂಡಿದ್ದರೆ, ಕಣ್ಣು ಮಂಜಾದ ಅಜ್ಜಿ ಹತ್ತಬೇಕಾದ ಬಸ್ಸನ್ನು ಬಿಟ್ಟು ಬೇರೊಂದನ್ನು ಹತ್ತಬಹುದು.

ಸಿರುಗುಪ್ಪದ ಭತ್ತದ ಗದ್ದೆಗಳಲ್ಲಿ ಕೀಟನಾಶಕ ಸಿಂಪಡಿಸುವುದನ್ನು ನೋಡಿರುತ್ತೀರಿ. ಡಬ್ಬಿಯ ಮೇಲೆ ವಿಷದ ಮಟ್ಟ ತಿಳಿಸುವ ಬಣ್ಣದ ಗುರುತು ಇರುತ್ತದೆ. ಅತ್ಯಂತ ತೀವ್ರ ವಿಷಕ್ಕೆ ಕೆಂಪು ಬಣ್ಣ. ಬಣ್ಣ ಅಪಾಯವನ್ನು ತಿಳಿಸುತ್ತದೆ, ಆದರೆ ಎಷ್ಟು ನೀರಿಗೆ ಎಷ್ಟು ಔಷಧಿ ಎಂಬುದನ್ನು ಅಕ್ಷರವೇ ಹೇಳಬೇಕು. ಅಲ್ಲಿ ಅಂದಕ್ಕಿಂತ ಸ್ಪಷ್ಟತೆ ಮುಖ್ಯ.

ಎಲ್ಲಿ ಯಾವ ಅಕ್ಷರ?

ನವಿರು ಕೈಬರಹಕ್ಕೂ ತನ್ನದೇ ಜಾಗವಿದೆ. ಲಗ್ನಪತ್ರಿಕೆಯ ಹೆಸರು, ಅಭಿನಂದನ ಪತ್ರ, ಕವನ ಸಂಕಲನದ ಹೊದಿಕೆ, ಹುಟ್ಟುಹಬ್ಬದ ಶುಭಾಶಯ ಇಂಥ ಕಡೆ ಅದು ಬರೆದವರ ಪ್ರೀತಿಯನ್ನು ತಿಳಿಸುತ್ತದೆ. ಅಲ್ಲಿ ಪದಗಳು ಕೆಲವೇ, ಅಕ್ಷರ ದೊಡ್ಡದು, ಓದುವವರು ಕೈಯಲ್ಲಿ ಹಿಡಿದು ಬಿಡುವಾಗಿ ನೋಡುತ್ತಾರೆ. ಆದರೆ ಅದೇ ಪತ್ರಿಕೆಯಲ್ಲಿ ದಿನ, ವೇಳೆ, ಸ್ಥಳಗಳನ್ನು ಸರಳ ಅಕ್ಷರದಲ್ಲಿ ಅಚ್ಚು ಹಾಕುವುದು ಜಾಣತನ. ಕೆಂಪು ಕಾಗದದ ಮೇಲೆ ಚಿನ್ನದ ಬಣ್ಣದ ತೆಳು ಗೆರೆ ಇನ್ನೂ ಕಷ್ಟ. ಏಕೆಂದರೆ ಅಕ್ಷರಕ್ಕೂ ಹಿನ್ನೆಲೆಗೂ ಬೆಳಕಿನ ವ್ಯತ್ಯಾಸ ಕಡಿಮೆಯಾಗುತ್ತದೆ.

ಬಸ್ಸಿನ ಫಲಕ, ಆಸ್ಪತ್ರೆಯ ಸೂಚನೆ, ಔಷಧಿಯ ಚೀಟಿ, ಪಠ್ಯಪುಸ್ತಕ, ಶಾಲೆಯ ಸೂಚನಾ ಫಲಕ ಇವುಗಳಿಗೆ ಸಮನಾದ ದಪ್ಪದ ಬಿಡಿಬಿಡಿ ಅಕ್ಷರವೇ ಸರಿ. ಈಗಷ್ಟೇ ಓದಲು ಕಲಿಯುತ್ತಿರುವ ಒಂದನೇ ತರಗತಿಯ ಮಗುವಿಗೆ ‘ದ’, ‘ಧ’ಗಳ ವ್ಯತ್ಯಾಸ ಎದ್ದು ಕಾಣಬೇಕು. ಅಕ್ಷರ ಗೊತ್ತಿಲ್ಲ ಎಂದು ನಾವು ಅಂದುಕೊಂಡ ಮಗುವಿಗೆ ಅಕ್ಷರ ಕಾಣುತ್ತಲೇ ಇಲ್ಲದಿರಬಹುದು.

ಮಾಡಿ ನೋಡಿ

ಬೇಕಾದ ವಸ್ತುಗಳು: ಎರಡು ಬಿಳಿ ಹಾಳೆ, ಪೆನ್ಸಿಲ್, ಕಪ್ಪು ಮಾರ್ಕರ್ ಪೆನ್, ಅಳತೆಪಟ್ಟಿ, ಅಳತೆ ಟೇಪು.

1. ಮೊದಲ ಹಾಳೆಯಲ್ಲಿ ‘ದನ, ಭಾರಿ, ಫಲ, ೧೦’ ಎಂದು ಪೆನ್ಸಿಲ್ಲಿನಿಂದ ತೆಳುವಾಗಿ ಬರೆಯಿರಿ. ಅಕ್ಷರದ ಎತ್ತರ 3 ಸೆಂಟಿಮೀಟರ್ ಇರಲಿ.

2. ಎರಡನೆಯ ಹಾಳೆಯಲ್ಲಿ ‘ಧನ, ಬಾರಿ, ಪಲ, ೧೧’ ಎಂದು ಮಾರ್ಕರಿನಿಂದ ಅದೇ ಎತ್ತರಕ್ಕೆ ಬರೆಯಿರಿ.

3. ಎರಡನ್ನೂ ಬೆಳಕಿರುವ ಗೋಡೆಗೆ ಅಂಟಿಸಿ. ಏನು ಬರೆದಿದ್ದೀರಿ ಎಂದು ಗೆಳೆಯರಿಗೆ ಮೊದಲೇ ಹೇಳಬೇಡಿ.

4. ಗೆಳೆಯರು ದೂರದಿಂದ ಹತ್ತಿರಕ್ಕೆ ನಡೆದು ಬರಲಿ. ಪ್ರತಿ ಹಾಳೆಯನ್ನು ತಪ್ಪಿಲ್ಲದೆ ಓದಿದ ಕೂಡಲೇ ನಿಂತು, ಗೋಡೆಯಿಂದ ಎಷ್ಟು ಮೀಟರ್ ಎಂದು ಅಳೆಯಿರಿ.

5. ಎಲ್ಲರ ಅಳತೆಗಳನ್ನೂ ಪಟ್ಟಿ ಮಾಡಿ. ಯಾವ ಅಕ್ಷರದಲ್ಲಿ ಹೆಚ್ಚು ಮಂದಿ ಎಡವಿದರು? ಹಾಳೆಗಳ ಪದಗಳನ್ನು ಅದಲುಬದಲು ಮಾಡಿ ಬರೆದು ಮತ್ತೊಮ್ಮೆ ನೋಡಿ. ಪೆನ್ಸಿಲ್ ಮತ್ತು ಮಾರ್ಕರ್ ಅಳತೆಗಳ ವ್ಯತ್ಯಾಸ ಹಾಗೆಯೇ ಉಳಿಯುತ್ತದೆಯೇ?

ಶಿಕ್ಷಕರ ಗಮನಕ್ಕೆ: ಮಾರ್ಕರಿನಿಂದ ಬರೆದದ್ದನ್ನು ತರಗತಿಯ ಉಳಿದವರೆಲ್ಲ ಓದುವ ದೂರದಿಂದ ಒಂದು ಮಗು ಮಾತ್ರ ಓದಲಾಗದಿದ್ದರೆ, ಆ ಮಗುವನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಪೋಷಕರಿಗೆ ತಿಳಿಸಿ ಕಣ್ಣಿನ ಪರೀಕ್ಷೆ ಮಾಡಿಸಿ.